ತಿರುಚಿದ ತಗಡು

ಸೆಪ್ಟೆಂಬರ್ 12, 1943. ಮುಳಬಾಗಿಲು
ದೇವರಾಯಸಮುದ್ರದ ಆಚೆಯ ದಿಣ್ಣೆಯಲ್ಲಿ ಮತ್ತೆ ಬಸ್ಸು ನಿಂತಿತು. ಜನ ಇಳಿದು ತಳ್ಳಿದರು, ನನ್ನನ್ನು ಬೈದರು. ಪೆಟ್ರೋಲೆಲ್ಲ ಯುದ್ಧಕ್ಕೆ, ನಮಗೆ ಇದ್ದಿಲು. ಬಸ್ಸಿನ ಹಿಂದೆ ಕಟ್ಟಿದ ಒಲೆಯಲ್ಲಿ ಇದ್ದಿಲು ಉರಿದು ಬರುವ ಗ್ಯಾಸಿನಿಂದಲೇ ಇಂಜಿನ್ ಓಡಬೇಕು, ಅದು ದಾರಿಯ ಪೈಪಿನಲ್ಲೇ ಆರಿ ತಣ್ಣಗಾಗಬೇಕು. ಆರುತ್ತಿಲ್ಲ. ಬಿಸಿ ಗ್ಯಾಸಿಗೆ ಇಂಜಿನ್ ಎಳೆಯುವುದಿಲ್ಲ. ಪೈಪು ಉದ್ದ ಮಾಡಿಸಿದೆ — ದಂಡ.

ಸೆ. 14, ಬೆಳಿಗ್ಗೆ
ತಂಗಿ ಅಶ್ವತ್ಥಮ್ಮ ಹೆರಿಗೆಗೆ ಬಂದಿದ್ದಾಳೆ. ಅಂಬಲಿ ಕೊಟ್ಟಳು. ಮೇಲೆ ತಣ್ಣಗಿತ್ತೆಂದು ಎತ್ತಿ ಕುಡಿದೆ, ನಾಲಿಗೆ ಸುಟ್ಟಿತು. ನಕ್ಕಳು. "ಸುಮ್ನೆ ಇಟ್ರೆ ಒಳಗಿಂದು ಹೆಂಗ್ ಆರ್ತದಣ್ಣಾ? ಕದಡ್ಬೇಕು."
ಪೈಪಿನಲ್ಲೂ ಅದೇ ತಾನೆ! ಅಂಚಿನ ಗ್ಯಾಸ್ ಆರುತ್ತದೆ, ನಡುವಿನದು ಬಿಸಿಬಿಸಿಯಾಗಿ ನೇರ ಇಂಜಿನ್ನಿಗೆ. ಕದಡಬೇಕು... ಹೇಗೆ?

ಸೆ. 19
ಸೀಮೆಎಣ್ಣೆ ಡಬ್ಬದ ತಗಡು ಸೀಳಿ, ಹಗ್ಗ ಹೊಸೆದಂತೆ ತಿರುಚಿ, ಪೈಪಿನುದ್ದಕ್ಕೂ ತೂರಿಸಿದೆ. ಗ್ಯಾಸ್ ಸುತ್ತಿ ಸುತ್ತಿ ಬರಲಿ ಎಂದು. ದಿಣ್ಣೆ ಹತ್ತಿತು! ಒಬ್ಬರೂ ಇಳಿಯಲಿಲ್ಲ. ಕ್ಲೀನರ್ ಪೆದ್ದಪ್ಪ ನನಗಿಂತ ಹಿರಿಯ, ಹೊಗಳುವ ಆಸಾಮಿಯೇ ಅಲ್ಲ. "ಪರವಾಗಿಲ್ಲ ಕಣಪ್ಪ" ಎಂದ.
ಒಂದೇ ಕಾಟ. ತಗಡಿಗೆ ಮಸಿ ಹಿಡಿಯುತ್ತದೆ. ದಿನಾ ಬೋಲ್ಟ್ ಬಿಚ್ಚಿ, ಹೊರಗೆಳೆದು ಉಜ್ಜಬೇಕು. ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ.

ಅಕ್ಟೋಬರ್ 7. ಆಯುಧಪೂಜೆ
ದಸರಾ ಜನ. ನಿನ್ನೆ ಕತ್ತಲಾಗುವವರೆಗೂ ಓಡಿಸಿದೆವು, ಮಸಿ ತೆಗೆಯಲಿಲ್ಲ. ಇವತ್ತು ಸ್ಪ್ಯಾನರ್‌ಗಳೆಲ್ಲ ದೇವರ ಮುಂದೆ. ಕೈ ಚಾಚಿದೆ. ಅಮ್ಮ ತಡೆದಳು. "ಪೂಜೆಗಿಟ್ಟಿದ್ನ ಇವತ್ತು ಮುಟ್ತಾರೇನೋ? ನಾಳೆ ತೆಗಿ."
ನನಗೂ ಮನಸ್ಸು ಒಪ್ಪಲಿಲ್ಲ. ಬಸ್ಸಿಗೆ ಬಾಳೆಕಂದು ಕಟ್ಟಿದೆ. ಚಕ್ರದಡಿಗೆ ನಿಂಬೆಹಣ್ಣು ಅಶ್ವತ್ಥಿಯೇ ಇಟ್ಟಳು, ಬಗ್ಗಲಾರದೆ ಬಗ್ಗಿ.

ಅ. 10. ಕೋಲಾರ
ಎರಡೂ ಕೈಗೆ ಬ್ಯಾಂಡೇಜು. ಅಕ್ಷರ ಸೊಟ್ಟ.
ಮೊನ್ನೆ ಬೆಳಿಗ್ಗೆ ಅಶ್ವತ್ಥಿಗೆ ನೋವು ಬಂತು. ಸೂಲಗಿತ್ತಿ ನೋಡಿ, "ಕೂಸು ಅಡ್ಡ ಐತೆ, ಕೋಲಾರದ ಆಸ್ಪತ್ರೆಗೆ ಬಿರ್ನೆ ಓಡಿ" ಅಂದಳು. ಬಸ್ಸಿನಲ್ಲಿ ಮಲಗಿಸಿಕೊಂಡು ಹೊರಟೆವು. ದಿಣ್ಣೆಯ ಅರ್ಧದಲ್ಲಿ ಇಂಜಿನ್ ನಿಂತಿತು. ಪೈಪು ಕಟ್ಟಿತ್ತು. ಬಿಚ್ಚಲು ಸ್ಪ್ಯಾನರ್... ದೇವರ ಮುಂದೆಯೇ ಬಿಟ್ಟು ಬಂದಿದ್ದೆ.
ಪೆದ್ದಪ್ಪ ಕಲ್ಲಿನಿಂದ ಜಜ್ಜಿ ಜಜ್ಜಿ ಪೈಪು ಬಿಡಿಸಿದ. ಕಾದ ತಗಡನ್ನು ಬರಿಗೈಯಲ್ಲಿ ಎಳೆದೆ. ಒಳಗಿಂದ ಅಶ್ವತ್ಥಿ, "ಅಣ್ಣಾ, ಇನ್ನೂ ಎಷ್ಟೊತ್ತು?"
"ಆಯ್ತು ಕಣಮ್ಮ, ಆಯ್ತು."
ಆಗಿರಲಿಲ್ಲ. ಪೈಪು ಮತ್ತೆ ಸೇರಿಸಿದರೂ, ತಗಡಿಲ್ಲದೆ ಬಿಸಿ ಗ್ಯಾಸಿಗೆ ಇಂಜಿನ್ ಎಳೆಯಲಿಲ್ಲ. ಹೊಲದವರು ಬಂದು ತಳ್ಳಿ ದಿಣ್ಣೆ ದಾಟಿಸಿದರು. ಆಸ್ಪತ್ರೆ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಹೊಟ್ಟೆ ಕುಯ್ದು ತೆಗೆದರು. ಹೆಣ್ಣು ಮಗು, ಉಳಿಯಿತು. ಅದರ ಅಳು ಕೇಳಲು ಅಶ್ವತ್ಥಿ ಉಳಿಯಲಿಲ್ಲ.

ನವೆಂಬರ್ 2. ಮುಳಬಾಗಿಲು
ಅಮ್ಮ ಸ್ಪ್ಯಾನರ್ ಮೇಲಿನ ಕುಂಕುಮ ತೊಳೆದು ತಂದಿಟ್ಟಳು. ಅವಳ ಮೇಲೆ ಸಿಟ್ಟಿಲ್ಲ. ನನ್ನ ಮೇಲೆ ಇದೆ.
ಮಗು ಹಸಿದು ಅಳುತ್ತಿದೆ. ಕಾಯಿಸಿದ ಹಸುವಿನ ಹಾಲು ಬಟ್ಟಲಿಗೆ ಬಗ್ಗಿಸಿ ಪಕ್ಕದಲ್ಲಿಟ್ಟುಕೊಂಡಿದ್ದೇನೆ. ಮೇಲೆ ಬೆರಳಿಟ್ಟರೆ ತಣ್ಣಗಿದೆ. ಅಮ್ಮ ಒಳಗಿಂದ ಕೇಳುತ್ತಿದ್ದಾಳೆ — "ಆರ್ತೇನೋ?"
ಇಲ್ಲಮ್ಮ. ಇನ್ನೂ ಕದಡಬೇಕು.