ರಬಕವಿ ದಾರಿಯ ನಾಕಾ

ಬನಹಟ್ಟಿ
೧೪ ಡಿಸೆಂಬರ್ ೨೦೨೪

ಮುದ್ದಿನ ಮಗಳು ಅಕ್ಷತಾಳಿಗೆ,

ನಿನ್ನ ಅವ್ವನ ಆಶೀರ್ವಾದ. ಹೊಟ್ಟೆಯಲ್ಲಿರುವ ಕೂಸಿಗೂ ಅದರಲ್ಲಿ ಪಾಲಿದೆ. ಮುಧೋಳದಲ್ಲಿ ಚಳಿ ಜೋರಿದೆಯಂತೆ, ಕಿವಿ ಮುಚ್ಚಿಕೊಂಡು ತಿರುಗು.

ಒಂದು ಮಾತು ಹೇಳುವುದಿದೆ. ಎದುರಿಗೆ ಕೂತರೆ ನೀನು ನನ್ನ ಮುಖ ನೋಡುತ್ತೀ, ಆಮೇಲೆ ನನಗೆ ಮಾತು ಮುಂದೆ ಹೋಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನಪ್ಪನ ಹಳೆಯ ಚೇಷ್ಟೆ ನಿನಗೆ ಗೊತ್ತು. ರಾಜರ ಕಾಲದಲ್ಲಿ ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿ ಸಂಸ್ಥಾನದ್ದು. ನಾನು ರಬಕವಿಗೆ, ತವರಿಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, "ಸಂಸ್ಥಾನ ವಿಲೀನ ಆಗದ ಇದ್ದಿದ್ರ ನಡುವ ಒಂದು ನಾಕಾ ಇರ್ತಿತ್ತು ನೋಡು. ಸೀರಿಗಿ ಇಷ್ಟು, ಹೇಣ್ತಿಗಿ ಇಷ್ಟು ಅಂತ ಜಕಾತಿ ಕಟ್ಟಿ ನಿನ್ನ ಬಿಡಿಸಿಕೊಂಡು ಬರಬೇಕಾಗ್ತಿತ್ತು," ಅನ್ನುತ್ತಿದ್ದರು. "ನನ್ನ ತೂಕಕ್ಕ ನಿಮ್ಮ ಮಗ್ಗ ಮಾರಬೇಕಾಗ್ತಿತ್ತು ಬಿಡ್ರಿ," ಅಂತ ನಾನು. ಹೋದ ಎಳ್ಳಮಾಸಿಯ ಹಿಂದಿನ ಸಂಜೆ ಅದೇ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಾಯ್ದು ಅವರನ್ನು ಕೊಂಡೊಯ್ದಿತು. ತಡೆಯುವವರು ಯಾರೂ ಇರಲಿಲ್ಲ.

ಈ ಸೋಮವಾರ ನಿನ್ನ ಸೀಮಂತದ ಕುಬಸಕ್ಕೆ ಹಸಿರು ಸೀರೆ ತರಲೆಂದು ರಬಕವಿಗೆ ಹೊರಟೆ. ಟಂಟಂ ಸಿಗಲಿಲ್ಲ, ಮಧ್ಯಾಹ್ನದ ಬಿಸಿಲಲ್ಲಿ ನಡೆದೆ. ಅರ್ಧ ದಾರಿಯಲ್ಲಿದ್ದಾಗ ಕರೆಂಟು ಹೋಗಿ ಎರಡೂ ಊರಿನ ಮಗ್ಗಗಳು ಒಮ್ಮೆಲೇ ನಿಂತವು. ಆ ಸದ್ದು ನಿಂತರೆ ನಮ್ಮಲ್ಲಿ ತೊಟ್ಟಿಲ ಕೂಸುಗಳು ಎಚ್ಚೆತ್ತು ಅಳುತ್ತವೆ. ಅವತ್ತು ಒಂದು ಕೂಸೂ ಅಳಲಿಲ್ಲ.

ನೋಡಿದರೆ ಮುಂದಿನ ರಸ್ತೆ ಮಣ್ಣಿನದು. ಅಡ್ಡಲಾಗಿ ಬಿದಿರಿನ ಗಳ, ರುಮಾಲು ಸುತ್ತಿದ ಒಬ್ಬ ಮುದುಕನ ಕಾವಲು. ಪಕ್ಕದ ಕಟ್ಟೆಯ ಮೇಲೆ ಸೀರೆಯ ಗಂಟು ಇಟ್ಟುಕೊಂಡು ನಿನ್ನಪ್ಪ ಕೂತಿದ್ದರು. ಬೇಸರವಾದಾಗ ಮಾಡುತ್ತಿದ್ದಂತೆ ಮೊಣಕಾಲ ಮೇಲೆ ಬೆರಳಿಂದ ತಾಳ ಹಾಕುತ್ತಿದ್ದರು.

ನನ್ನನ್ನು ಕಂಡು ಸರಿದು ಜಾಗ ಕೊಟ್ಟರು. "ಕುಂದರ್ರಿ ಅಕ್ಕಾರ. ಜಕಾತಿ ಸಾಹೇಬ್ರು ಊಟಕ್ಕ ಹೋಗ್ಯಾರ. ಹ್ವಾದ ಎಳ್ಳಮಾಸಿ ಮುಂದ ನನ್ನ ಕತ್ತಲಾಗೂತನಕ ಇಲ್ಲೇ ತಡದು ಕುಂದರ್ಸಿದ್ರು, ಒಂದು ಸೀರಿ ಹೆಚ್ಚಿಗಿ ಐತಿ ಅಂತ."

ಅದೇ ಸಂಜೆ, ಅಕ್ಷತಾ. ಅವರನ್ನು ಇಲ್ಲಿ ತಡೆದು ಕೂರಿಸಿದ್ದಾಗ ಟ್ರ್ಯಾಕ್ಟರ್ ತನ್ನ ಪಾಡಿಗೆ ದಾಟಿ ಹೋಗಿದೆ. ಮತ್ತು ಅವರು ನನಗೆ ಅಕ್ಕಾರ ಅಂದರು.

ಮನೆಯವರೆಲ್ಲ ಆರಾಮೇ ಎಂದು ಕೇಳಿದೆ. ನಕ್ಕರು. "ಲಗ್ನಾನ ಆಗಿಲ್ರಿ. ರಬಕವ್ಯಾಗ ಒಂದು ಹುಡುಗಿ ನೋಡಿದ್ವಿ. ಗಡಿ ದಾಟಿಸಿ ಹೆಣ್ಣು ಕೊಡಂಗಿಲ್ಲ ಅಂದ್ರು ಅವರಪ್ಪ. ಶೈಲಾ ಅಂತ ಇತ್ತು ಹೆಸರು."

ಮುದುಕ ಗಳಕ್ಕೆ ಕೈ ಹಚ್ಚಿದ. "ನಿಮ್ಮೂರು ಯಾವುದು ಬೇ ಯವ್ವಾ? ರಬಕವ್ಯಾಕಿ ಆದ್ರ ಗಳ ಎತ್ತತೇನಿ, ನಿಮ್ಮ ಮನಿಗಿ ಹೋಗು. ಬನಹಟ್ಟ್ಯಾಕಿ ಆದ್ರ ಬಂದ ದಾರಿ ಹಿಡಿ. ಎರಡೂ ಅಂದ್ರ ನಡಿಯಂಗಿಲ್ಲ."

ನನಗೆ ತಿಳಿಯಿತು. ರಬಕವಿಯವಳಾಗಿ ದಾಟಿದರೆ ಅವರು ಆ ಕಟ್ಟೆಯ ಮೇಲೆ ಜೀವಂತ ಕೂತಿರುತ್ತಾರೆ. ಆದರೆ ನಾನು ಬನಹಟ್ಟಿಗೆ ಸೊಸೆಯಾಗಿ ಬಂದಿರುವುದಿಲ್ಲ. ನೀನೂ ಇರುವುದಿಲ್ಲ, ನಿನ್ನ ಹೊಟ್ಟೆಯ ಕೂಸೂ ಇರುವುದಿಲ್ಲ.

ಬನಹಟ್ಟಿ ಅಂದೆ. "ಹೋಗಿ ಬರ್ರಿ ಅಕ್ಕಾರ," ಅಂದರು ನಿನ್ನಪ್ಪ. ನಾನು ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಬಂದ ಮೇಲೆ ಮಗ್ಗಗಳು ಶುರುವಾದವು. ಕಾಲಡಿ ಡಾಂಬರು ಸುಡುತ್ತಿತ್ತು.

ಅವರನ್ನು ಒಮ್ಮೆ ಟ್ರ್ಯಾಕ್ಟರ್ ಕೊಂಡೊಯ್ದಿತ್ತು. ಈ ಸಲ ಬಿಟ್ಟುಕೊಟ್ಟವಳು ನಾನು. ಅಪ್ಪ ಹೋದ ಮೇಲೆ ಅವ್ವನಿಗೆ ನನ್ನ ನೆನಪೇ ಇಲ್ಲ ಎಂದು ನೀನು ಇನ್ನೊಮ್ಮೆ ಅನ್ನಬೇಡ.

ಸೀರೆಯನ್ನು ನಿನ್ನ ಸೋದರಮಾವ ತಂದುಕೊಡುತ್ತಾನೆ. ನಾನಿನ್ನು ಆ ದಾರಿ ತುಳಿಯುವುದಿಲ್ಲ.

ನಿನ್ನನ್ನೇ ಆರಿಸಿಕೊಂಡ ಅವ್ವ,
ಶೈಲಾ

ತಾ.ಕ.: ಮೇಲೆ ಒಂದು ಮಾತು ಮುಚ್ಚಿಟ್ಟೆ. ಮುದುಕ ಕೇಳಿದಾಗ ಮೊದಲು ನನ್ನ ಬಾಯಿಗೆ ಬಂದದ್ದು ರಬಕವಿ. ಎಷ್ಟು ವರ್ಷ ಗಂಡನ ಮನೆಯಲ್ಲಿ ಬಾಳಿದರೂ, ಊರು ಕೇಳಿದರೆ ನಮ್ಮ ಹೆಣ್ಣುಮಕ್ಕಳ ಬಾಯಿಗೆ ತವರೇ ಬರುತ್ತದೆ. ಗಳ ಅರ್ಧ ಎದ್ದಿತ್ತು. ಅಲ್ಲೇ ನಿಂತು ಮುಧೋಳದ ನಿಮ್ಮ ಮನೆಗೆ ಫೋನ್ ಹಚ್ಚಿದೆ. ಎತ್ತಿದವರು ನಿನ್ನ ಅತ್ತೆ, ಅವರದೇ ಧ್ವನಿ. "ಅಕ್ಷತಾ ಅನ್ನಾಕಿ ನಮ್ಮನ್ಯಾಗ ಯಾರೂ ಇಲ್ರಿ," ಅಂದರು. ಆಮೇಲೆಯೇ ನಾನು ಬನಹಟ್ಟಿ ಅಂದದ್ದು. ಆ ಗಳ ಇಳಿಯುವ ತನಕ ನೀನು ಎಲ್ಲಿದ್ದೆ, ಮಗಳೆ?