ತೊಳೆಯದ ದ್ರಾಕ್ಷಿ

ಉಣಕಲ್, ಹುಬ್ಬಳ್ಳಿ
೯ ಮಾರ್ಚ್ ೨೦೨೫, ರವಿವಾರ

ಪ್ರೀತಿಯ ತಮ್ಮ ಗೌತಮನಿಗೆ,

ಜೈಭೀಮ. ಅವ್ವ ಆರಾಮಾಗಿದ್ದಾಳೆ. ಅದನ್ನೇ ಮೊದಲು ಬರೆದೆ, ಯಾಕೆಂದರೆ ಅಕ್ಕನಿಂದ ಕಾಗದ ಬಂತೆಂದರೆ ನಿನ್ನ ಎದೆ ಧಸಕ್ಕೆನ್ನುವುದು ನನಗೆ ಗೊತ್ತು. ಎಂದೋ ಬರೆಯಬೇಕಿತ್ತು. ಬರೆಯಲು ಕೂತಾಗಲೆಲ್ಲ ಸಿಟ್ಟು ಬರುತ್ತಿತ್ತು, ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಹಾಕಿದೆ. ತಡವಾದದ್ದಕ್ಕೆ ಕ್ಷಮಿಸು, ಹರಿದು ಹಾಕಿದ್ದಕ್ಕೆ ಮೆಚ್ಚಿಕೋ.

ಧಾರವಾಡವೇನು ದೂರದ ಊರಲ್ಲ, ಬಸ್ಸು ಹತ್ತಿದರೆ ಬಂದೇಬಿಡುತ್ತದೆ. ಆದರೂ ಕಾಗದ ಬರೆಯಬೇಕಾಯಿತು. ಫೋನು ನೀನು ಎತ್ತುವುದಿಲ್ಲ. ವಾಟ್ಸಾಪ್ ಮಾಡಿದರೆ ಒಂದು ಹೆಬ್ಬೆಟ್ಟು ಕಳಿಸಿ ಸುಮ್ಮನಾಗುತ್ತೀ. ಅವ್ವ ಹೆಬ್ಬೆಟ್ಟು ಒತ್ತಬಾರದೆಂದು ಹಟ ಹಿಡಿದು ಆಕೆಗೆ ಸಹಿ ಕಲಿಸಿದವನು ನೀನು! ಈಗ ಆಕೆ ಎಲ್ಲ ಕಡೆ ಠೀವಿಯಿಂದ 'ಯಂಕವ್ವ' ಎಂದು ಸಹಿ ಮಾಡುತ್ತಾಳೆ, ಎಂ.ಎ. ಓದಿದ ಮಗ ಹೆಬ್ಬೆಟ್ಟು ಒತ್ತುತ್ತಾನೆ.

ಹೋದ ತಿಂಗಳು ಬಾಳೆಹಣ್ಣು ಹಿಡಿದು ಬಂದವನು ನೀನು ಹೊಸ್ತಿಲನ್ನೇ ದಾಟಲಿಲ್ಲ. "ಏನ ವಾಸನಿ ಇದು ಅಕ್ಕಾ?" ಎಂದೆ. ನಾನು ಪೆದ್ದಿಯಂತೆ ಖುಷಿಯಿಂದ, "ವೈನ್ ಮಾಡಾಕತ್ತೇನೋ, ದ್ರಾಕ್ಷಿ ಉಕ್ಕಾಕತ್ತೈತಿ, ಬಾ ನೋಡು" ಎಂದೆ. ನಿನ್ನ ಮುಖ ಕಪ್ಪಿಟ್ಟಿತು. "ಅಪ್ಪ ಹೋದಮ್ಯಾಲ ಈ ವಾಸನಿ ನಮ್ಮ ಮನ್ಯಾಗ ಮತ್ತ ಬರಬಾರದು ಅಂತಿದ್ದೆ. ಕಡೀಕೆ ನೀನಽ ತಂದೆಲ್ಲ" ಎಂದು ಹಣ್ಣಿನ ಚೀಲ ಕಟ್ಟೆಯ ಮೇಲಿಟ್ಟು ನಡೆದುಬಿಟ್ಟೆ. ಒಳಗೆ ಅವ್ವ ನಿನ್ನ ದನಿ ಕೇಳಿ ಸೆರಗು ಸರಿಮಾಡಿಕೊಂಡು ಏಳುವಷ್ಟರಲ್ಲಿ ನೀನು ಗೇಟಿನ ಆಚೆಗಿದ್ದೆ. ಅಂದಿನಿಂದ ಆಕೆಯದು ಒಂದೇ ಮಾತು: "ಗೌತಮ ಬಂದಿದ್ನಲ್ಲ, ಚಾ ಯಾಕ ಕುಡೀಲಿಲ್ಲವ್ವಾ?"

ಈ ಪತ್ರ ಅದಕ್ಕಾಗಿಯೇ. ನೀನು ಮನೆಗೆ ಬರಬೇಕು, ಅವ್ವನ ಹತ್ತಿರ ಕೂತು ಚಹಾ ಕುಡಿಯಬೇಕು. ನನಗೆ ಬೇರೇನೂ ಬೇಡ.

ಅಪ್ಪ ಕುಡಿಯುತ್ತಿದ್ದ. ನಾನು ಅದನ್ನು ಮುಚ್ಚಿಡುವವಳಲ್ಲ. ಹಣ್ಣಿನ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿ ಆತ ಬರುವ ಹೊತ್ತಿಗೆ, ಕಮರಿಪೇಟೆಯ ಆ ಒಂದೇ ಖೋಲಿಯ ಬಾಗಿಲ ಹಿಂದೆ ನಿಂತು, ಇವತ್ತು ಹೆಜ್ಜೆ ನೆಟ್ಟಗೆ ಬೀಳುತ್ತಿವೆಯೋ ಇಲ್ಲವೋ ಎಂದು ನಾವಿಬ್ಬರೂ ಕಿವಿಗೊಟ್ಟು ಕೇಳುತ್ತಿದ್ದೆವು. ನೀನು ನನ್ನ ಲಂಗದ ಚುಂಗು ಹಿಡಿದಿರುತ್ತಿದ್ದೆ. ಶಾಲೆಯಲ್ಲಿ ಹುಡುಗರು ನಿನ್ನನ್ನು ಏನೆಂದು ಕರೆಯುತ್ತಿದ್ದರು ಎನ್ನುವುದೂ ನೆನಪಿದೆ. ದೊಡ್ಡವನಾಗಿ ಪಂಚಶೀಲ ಸ್ವೀಕರಿಸಿದ ದಿನ, ಮದ್ಯ ಮುಟ್ಟುವುದಿಲ್ಲ ಎಂಬ ಐದನೆಯ ಶೀಲವನ್ನು ಉಳಿದ ನಾಲ್ಕಕ್ಕಿಂತ ಗಟ್ಟಿಯಾಗಿ ಹೇಳಿದೆ. ನಾನೂ ಪಕ್ಕದಲ್ಲೇ ನಿಂತು ಹೇಳಿದ್ದೆ. ಈಗ ನಾನು ಚಮಚದಲ್ಲಿ ರುಚಿ ನೋಡಿದರೆ ಶೀಲ ಮುರಿಯಿತೋ ಇಲ್ಲವೋ ಎಂದು ವಾದಕ್ಕೆ ಕೂತರೆ ನೀನೇ ಗೆಲ್ಲುತ್ತೀ. ಅದಕ್ಕೇ ಕೂರುವುದಿಲ್ಲ.

ಆದರೆ ಯಾಕೆ ಮಾಡಿದೆ ಎಂದಾದರೂ ಕೇಳು. ನೌಕರಿಯುದ್ದಕ್ಕೂ ಸಸ್ಯಶಾಸ್ತ್ರ ಪಾಠ ಹೇಳಿದೆ. ದ್ರಾಕ್ಷಿ ಹುದುಗುವ ಸಮೀಕರಣವನ್ನು ಹಲಗೆಯ ಮೇಲೆ ಬರೆದು ಬರೆದು ಖಡು ಸವೆಸಿದೆನೇ ಹೊರತು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ. ತಿಕೋಟಾ ಕಡೆ ತೋಟ ಮಾಡಿರುವ ನನ್ನ ಹಳೆಯ ವಿದ್ಯಾರ್ಥಿ ಬೀರಲಿಂಗಪ್ಪ ಹೋದ ವರ್ಷ ಒಂದು ಬುಟ್ಟಿ ಕಪ್ಪು ದ್ರಾಕ್ಷಿ ತಂದುಕೊಟ್ಟ. "ಮೇಡಮ್, ಔಷಧ ಹೊಡದಿಲ್ರಿ. ಇದಕ್ಕ ಈಸ್ಟ್ ಬ್ಯಾಡ, ಸಕ್ರಿ ಬ್ಯಾಡ, ಏನೂ ಬ್ಯಾಡ್ರಿ. ಹಿಚುಕಿ ಬಿಟ್ರ ತಾನಽ ವೈನ್ ಆಗತೈತ್ರಿ. ಒಟ್ಟ ತೊಳೀಬ್ಯಾಡ್ರಿ" ಎಂದ.

ಕೊನೆಯ ಮಾತನ್ನು ನನ್ನ ಯಜಮಾನರು, ನಿನ್ನ ಹುಲಗೇಶ ಮಾಮಾ, ಕಿವಿಗೇ ಹಾಕಿಕೊಳ್ಳಲಿಲ್ಲ. ಕರೋನಾ ಕಾಲದಲ್ಲಿ ಹಾಲಿನ ಪಾಕೀಟಿಗೂ ಸೋಪು ಹಚ್ಚಿದ ಮನುಷ್ಯ ಅವರು! ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಬಿಸಿನೀರಿಗೆ ಉಪ್ಪು, ಅರಿಷಿಣ ಹಾಕಿ ಒಂದೊಂದು ಹಣ್ಣನ್ನೂ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟಿದ್ದರು. ಆ ದ್ರಾಕ್ಷಿ ಬರಣಿಯಲ್ಲಿ ಸತ್ತ ಹಾಗೆ ಬಿದ್ದುಕೊಂಡಿತು. ಉಕ್ಕಲೂ ಇಲ್ಲ, ಹುಳಿಯಲೂ ಇಲ್ಲ, ಮೇಲೆ ಬೂಷ್ಟು ಬಂತು. ಎತ್ತಿ ಚೆಲ್ಲಿದೆ. ಹಣ್ಣಿನ ಸಿಪ್ಪೆಯ ಮೇಲೆ ಬೂದಿ ಸವರಿದಂಥ ಮಸುಕು ಇರುತ್ತದಲ್ಲ, ಹುದುಗಿಸುವ ಜೀವ ಅಲ್ಲೇ ಇರುವುದು. ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು, ದ್ರಾಕ್ಷಿ ತನ್ನ ಹೆಪ್ಪನ್ನು ಮೈಮೇಲೆ ಹೊತ್ತುಕೊಂಡೇ ಬರುತ್ತದೆ. ತೊಳೆದರೆ ಹೋಯಿತು.

ಈ ವರ್ಷ ನಿನ್ನ ಮಾಮಾನನ್ನು ಅಂಗಳಕ್ಕೆ ಅಟ್ಟಿ ನಾನೂ ಅವ್ವನೂ ಸೇರಿ ಹಿಚುಕಿದೆವು. ಮರುದಿನ ಸುಮ್ಮನಿತ್ತು. ಅದರ ಮರುದಿನ ಬರಣಿಗೆ ಕಿವಿ ಹಚ್ಚಿದರೆ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ ಒಳಗೆ ಸಣ್ಣಗೆ ಸುರ್ರೆನ್ನುತ್ತಿದೆ! ಸಿಪ್ಪೆಯೆಲ್ಲ ಮೇಲೆದ್ದು ದಪ್ಪನೆಯ ಕೆನೆ ಕಟ್ಟಿತ್ತು. ಅದನ್ನು ಮತ್ತೆ ಮತ್ತೆ ಕೆಳಗೆ ಒತ್ತುತ್ತಿರಬೇಕು, ಬರಣಿಯ ಬಾಯಿಗೆ ಗಾಳಿಯಾಡುವ ತೆಳು ಬಟ್ಟೆ ಕಟ್ಟಬೇಕು, ನೊಣ ಇಳಿಯಬಾರದು. ಒತ್ತುವ ಕೆಲಸವನ್ನು ಅವ್ವ ನನ್ನ ಕೈಯಿಂದ ಕಿತ್ತುಕೊಂಡಿದ್ದಾಳೆ. "ನೀ ಸರಿ, ನಿನಗ ತಿಳ್ಯಾಂಗಿಲ್ಲ" ಎಂದು ಸವಟು ಹಿಡಿದು ಹಿಂದಿನ ಕೋಣೆಗೆ ಹೋದರೆ ಎಷ್ಟು ಹೊತ್ತಾದರೂ ಹೊರಗೆ ಬರುವುದಿಲ್ಲ.

ಪಕ್ಕದ ಮನೆಯ ಮೌಲಾಬಿ ಒಂದು ಹನಿಯನ್ನೂ ಮುಟ್ಟುವವಳಲ್ಲ. ಆದರೆ ತನ್ನ ಅಡುಗೆಮನೆಯ ಕಿಟಕಿಯಿಂದಲೇ ನಮಗೆ ವರದಿ ಒಪ್ಪಿಸುತ್ತಾಳೆ. "ಬಾಯಾರ, ನಿನ್ನೆ ಪೇರಲ ಹಣ್ಣಿನ ಗತೆ ವಾಸನಿ ಇತ್ರಿ, ಇವತ್ತ ಹುಳಿ ಏರೇತಿ ನೋಡ್ರಿ!" ಹೋಗಿ ನೋಡಿದರೆ ಖರೇನೇ ಇರುತ್ತದೆ. ನಾನು ನಕ್ಕರೆ, "ಕುಡಿಯೂದು ತಪ್ಪರಿ. ವಾಸನಿ ತಾನಽ ನಡಕೊಂತ ಬಂದ್ರ ನಾ ಏನ ಮಾಡ್ಲಿ?" ಎನ್ನುತ್ತಾಳೆ.

ಮೊದಲ ಬರಣಿಯದನ್ನು ಸೋಸಿ ಬಾಟಲಿಗೆ ತುಂಬಿದ್ದೇನೆ. ಅಂಗಡಿಯದರಂತೆ ತಿಳಿಯಾಗಿಲ್ಲ, ಹುಣಸೆ ಸಾರಿನ ಹಾಗೆ ಕದಡು ಕದಡು. ನಾಲಿಗೆಗೆ ಮೊದಲು ಹುಳಿ, ಆಮೇಲೆ ನೇರಳೆಯ ಒಗರು, ಎಲ್ಲ ಮುಗಿಯಿತು ಎನ್ನುವಾಗ ಬಿಸಿಲಿಗೆ ಕಾದ ಮಣ್ಣಿನದೊಂದು ರುಚಿ. ಒಂದು ಬಾಟಲಿಯ ಹಾಗೆ ಇನ್ನೊಂದಿಲ್ಲ, ನನಗೆ ಅದೇ ಸೊಗಸು. ಅಂಗಡಿಯ ವೈನು ನಿನ್ನ ಕೋಚಿಂಗ್ ಕ್ಲಾಸಿನ ಹುಡುಗರ ಹಾಗೆ, ಯಾರನ್ನು ಕೇಳಿದರೂ ಅದೇ ಉತ್ತರ. ಸಿಟ್ಟಾಗಬೇಡ, ಚೇಷ್ಟೆ ಮಾಡಿದೆ. ನಿನ್ನ ಮಾಮಾ ಒಂದು ಗುಟುಕು ಕುಡಿದು ಬಹಳ ಹೊತ್ತು ಯೋಚಿಸಿ, "ಛಲೋ ಐತಿ. ಆದ್ರ ತೊಳದಿದ್ರ ಇನ್ನೂ ಛಲೋ ಆಗತಿತ್ತು" ಎಂದರು. ಹುಟ್ಟುಗುಣ ಸುಟ್ಟರೂ ಹೋಗದು.

ಈಗ ಎರಡನೆಯ ಬರಣಿ ಉಕ್ಕುತ್ತಿದೆ, ಈ ಹಂಗಾಮಿನ ಕೊನೆಯದು. ಇನ್ನೊಂದು ವಾರದಲ್ಲಿ ಅಡಗುತ್ತದೆ. ಸೋಸಿ, ಬಾಟಲಿಗೆ ಹಾಕಿ ಬಿರಡೆ ಬಿಗಿದರೆ ವಾಸನೆಯೂ ಹೋಗುತ್ತದೆ. ಆಮೇಲೆ ಬಾ. ಬರುವ ವರ್ಷದಿಂದ ಬೀರಲಿಂಗಪ್ಪನ ತೋಟದಲ್ಲೇ ಮಾಡುತ್ತೇನೆ, ಮನೆಗೆ ತರುವುದಿಲ್ಲ. ವೈನಿಗಾಗಿ ತಮ್ಮನನ್ನು ಕಳೆದುಕೊಳ್ಳುವಷ್ಟು ಅಮಲು ನನಗೆ ಏರಿಲ್ಲ.

ಪರೀಕ್ಷೆಯ ದಿನಗಳು, ಹುಡುಗರ ಮುಂದೆ ಗಂಟಲು ಹರಿದುಕೊಳ್ಳಬೇಡ. ಜ್ಯೇಷ್ಠಮಧು ಬಾಯಲ್ಲಿಟ್ಟುಕೋ. ನಿನ್ನ ಹೆಂಡತಿಗೂ ಮಗಳಿಗೂ ನನ್ನ ಪ್ರೀತಿ ಹೇಳು. ನಿನ್ನ ಮನೆ ತಣ್ಣಗಿರಲಿ, ನಿನ್ನ ಮನಸ್ಸೂ ತಣ್ಣಗಾಗಲಿ. ಭವತು ಸಬ್ಬ ಮಂಗಲಂ.

ನಿನ್ನ ಅಕ್ಕ,
ಕರುಣಾ

ತಾ.ಕ. ಕಾಗದ ಮಡಚಿ, ಅಂಟು ಹುಡುಕಲು ಹಿಂದಿನ ಕೋಣೆಗೆ ಹೋದೆ. ಅವ್ವ ಬರಣಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ, ಬರಣಿಯ ಮೇಲೆ ಮುಖ ಬಾಗಿಸಿದ್ದಳು. "ಏನ ಮಾಡಾಕತ್ತೀಯವ್ವಾ?" ಎಂದೆ.

"ನಿಮ್ಮಪ್ಪನ ಅಂಗಿ ವಾಸನಿ ಬರತೈತಿ" ಎಂದಳು.

ಕುಡಿತದ ಮಾತು ತೆಗೆದಳೆಂದುಕೊಂಡು ನಾನು ಬಿಚ್ಚಿದ ಬಟ್ಟೆ ಎತ್ತಿ ಬರಣಿ ಮುಚ್ಚಲು ಹೋದೆ. "ಸೆರೇದ ವಾಸನಿ ಅಲ್ಲ ಹುಚ್ಚೀ, ಅದು ಬ್ಯಾರೆ. ಅದು ನನಗ ಗೊತ್ತಿಲ್ಲೇನು? ದ್ರಾಕ್ಷಿ ಹಂಗಾಮದಾಗ ಪೆಟಗಿ ಹೊತ್ತು ಹೊತ್ತು ರಸ ಹೆಗಲ ಮ್ಯಾಲ ಸೋರತಿತ್ತು. ಸಂಜೀಕ ಮನಿಗೆ ಬಂದ್ರ ಅಂಗಿ ಹಿಂಗಽ ನಾರತಿತ್ತು. ಕುಡೀಲಾರದ ದಿನಾನೂ ನಾರತಿತ್ತು. ನೀವು ಸಣ್ಣವ್ರು, ಎರಡೂ ಒಂದಽ ಅಂತ ತಿಳಕೊಂಡ್ರಿ."

ಅಪ್ಪ ತೀರಿಕೊಂಡದ್ದೂ ದ್ರಾಕ್ಷಿಯ ಕಾಲದಲ್ಲೇ. ಆತ ಕೊನೆಗೆ ತೊಟ್ಟ ಅಂಗಿ ಗೋಡೆಯ ಮೊಳೆಗೆ ಹಾಗೆಯೇ ನೇತಾಡುತ್ತಿತ್ತು. ನೀನು ಅದನ್ನು ಸೋಪು ಹಚ್ಚಿ ಒಗೆದು, ಇಸ್ತ್ರಿ ಮಾಡಿಸಿ, ಮಡಚಿ ಅವ್ವನ ಕೈಗೆ ಕೊಟ್ಟೆ. ಎಂಥಾ ಮಗ ಎಂದು ಓಣಿಯವರೆಲ್ಲ ನಿನ್ನನ್ನು ಹೊಗಳಿದ್ದರು, ನಾನೂ ಹೊಗಳಿದ್ದೆ. ಅಲ್ಲಿಯವರೆಗೆ, ಯಾರೂ ಇಲ್ಲದಾಗ ಅವ್ವ ಆ ಮೊಳೆಯ ಹತ್ತಿರ ಹೋಗಿ ಅಂಗಿಯಲ್ಲಿ ಮುಖ ಇಟ್ಟು ನಿಲ್ಲುತ್ತಿದ್ದಳಂತೆ. ಒಗೆದ ಮೇಲೆ ಅದರಲ್ಲಿ ಬರೀ ಸೋಪಿನ ವಾಸನೆ. ಇಷ್ಟು ವರ್ಷ ಯಾರ ಮುಂದೆಯೂ ಹೇಳಿರಲಿಲ್ಲ. "ಗೌತಮಗ ಹೇಳಬ್ಯಾಡ" ಎಂದಳು ನನಗೆ. "ಒಗದು ಕೊಡೂ ಮುಂದ ಅವನ ಕಣ್ಣಾಗ ನೀರಿದ್ವು. ಭಾಳ ಜೀವಾ ಮಾಡಿ ಒಗದಾನ ನನ್ನ ಮಗ."

ಹೇಳಬೇಡ ಎಂದದ್ದನ್ನೇ ಹೇಳುತ್ತಿದ್ದೇನೆ. ನಿನ್ನದೇನೂ ತಪ್ಪಿಲ್ಲ, ತಮ್ಮಾ. ಆದರೆ ವಾಸನೆ ಹೋದಮೇಲೆ ಬಾ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಬಿಟ್ಟುಬಿಡು. ಹೋಗುವ ಮೊದಲೇ ಬಾ. ಆ ಕೋಣೆಯಲ್ಲಿ ಆಕೆಯ ಪಕ್ಕ ಸ್ವಲ್ಪ ಹೊತ್ತು ಕೂರು.

ಬಂದಾಗ ಬರಣಿಯ ಬಾಯಿ ನೋಡಿ ಗಾಬರಿಯಾಗಬೇಡ. ನಾನು ನಿಂತಿರುವಾಗಲೇ ಅವ್ವ ಟ್ರಂಕು ತೆರೆದು ಆ ಅಂಗಿ ತೆಗೆದು ಬರಣಿಗೆ ಕಟ್ಟಿದಳು. ನಾನೇನೋ ಹೇಳಲು ಹೋದೆ. "ಇರಲಿ ಬಿಡವ್ವಾ" ಎಂದಳು, "ನಮ್ಮ ಗೌತಮ ಸ್ವಚ್ಛ ಒಗದು ಕೊಟ್ಟಾನ. ಕಟ್ಟಾಕ ಛಲೋ ಆತು."