ಹೊಸ ಚೈನು, ಹಳೇ ಹಲ್ಲು

ಅಪ್ಪನಿಗೆ ನಮಸ್ಕಾರ.

ನಿಮ್ಮ ಮಾತು ಮೀರಿ ಮದುವೆಯಾಗಿ ಬಂದ ಮೇಲೆ ಇದೇ ನನ್ನ ಮೊದಲ ಕಾಗದ. ಹೊಲಿಗೆ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗಿಬರುತ್ತೇನೆ. ಕಳೆದ ವಾರ ಏರಿನಲ್ಲಿ ಪೆಡಲು ಒತ್ತಿದಾಗಲೆಲ್ಲ ಚೈನು ಕಟಕ್ಕೆಂದು ಜಾರತೊಡಗಿತು. ಒಮ್ಮೆ ಬಿದ್ದು ಮೊಣಕಾಲೂ ತರಚಿತು. ಇಲ್ಲಿನ ರಿಪೇರಿಯವನು ಹೊಸ ಚೈನು ಹಾಕಿದ. ಜಾರುವುದು ಇನ್ನೂ ಹೆಚ್ಚಾಯಿತು. "ಸೈಕಲ್ಲೇ ಹಳೇದಮ್ಮ, ಮಾರಿಬಿಡಿ" ಎಂದ.

ರಜೆಯ ದಿನ ಸೈಕಲ್ಲನ್ನು ಕೋಣೆಯೊಳಗೇ ತಲೆಕೆಳಗು ಮಾಡಿಕೊಂಡು ಕೂತೆ. ಹಿಂದಿನ ಚಕ್ರದಲ್ಲಿ ಚೈನು ಕೂರುವ ಫ್ರೀವೀಲನ್ನು ಮುಟ್ಟಿ ನೋಡಿದರೆ ಹಲ್ಲುಗಳೆಲ್ಲ ಸವೆದು ಒಂದೇ ಕಡೆಗೆ ಬಾಗಿದ್ದವು. "ಸವೆದ ಹಲ್ಲಿಗೆ ಹೊಸ ಚೈನಾ? ಬೊಚ್ಚುಬಾಯಿಗೆ ಕಡಲೆ ಕೊಟ್ಟ ಹಾಗಾಯ್ತು" ಎಂದು ನೀವು ನಮ್ಮ ಸೈಕಲ್ ಅಂಗಡಿಯಲ್ಲಿ ಗಿರಾಕಿಗಳನ್ನು ನಗಿಸುತ್ತಿದ್ದಿರಿ. ಬೇರೆ ಫ್ರೀವೀಲು ತಂದೆ. ಹಳೆಯದನ್ನು ಬಿಚ್ಚಲು ಸುತ್ತಿಗೆ, ಉಳಿ ಹಿಡಿದು ಒದ್ದಾಡಿಬಿಟ್ಟೆ. ಸದ್ದು ಕೇಳಿ ಬಂದ ಮನೆ ಮಾಲೀಕರ ಹೆಂಡತಿ, "ಇದನ್ನೆಲ್ಲ ಎಲ್ಲಿ ಕಲಿತೆ?" ಎಂದರು. "ನಮ್ಮಪ್ಪನ ಹತ್ರ" ಎಂದೆ.

ಮರುದಿನ ಏರು ಹತ್ತಿದೆ. ಒಂದು ಸಲವೂ ಜಾರಲಿಲ್ಲ. ಖುಷಿಗೆ "ನೋಡಿದ್ರಾ!" ಎಂದು ತಿರುಗಿದರೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

ನೀವು ಅಳಿಯನೆಂದು ಒಪ್ಪದ ಆ ಮನುಷ್ಯ ನನ್ನನ್ನು ಬಿಟ್ಟುಹೋಗಿ ಬಹಳ ದಿನವಾಯಿತು. ಉಳಿದದ್ದನ್ನು ಎದುರಿಗೆ ಹೇಳುತ್ತೇನೆ.

ಫ್ರೀವೀಲು ಬಿಚ್ಚುವ ಸಾಧನ ನಿಮ್ಮಲ್ಲಿ ಎರಡಿದ್ದವು. ಒಂದು ನನಗೆ ಬೇಕು. ಪಾರ್ಸೆಲ್ ಮಾಡಬೇಡಿ, ಎಲ್ಲಾದರೂ ಕಳೆದುಹೋದೀತು. ನೀವೇ ತನ್ನಿ. ಕೋಣೆ ಚಿಕ್ಕದು, ಆದರೆ ಇಬ್ಬರಿಗೆ ಸಾಕು.

ನಿಮ್ಮ ಮಗಳು